ಕಣ್ಣಾರೆ ಕಂಡವಳ ಹೇಳಿಕೆ

ಯೋಗಾನಂದ ಮೇಷ್ಟ್ರನ್ನು ಜುಲೈ ಒಂಬತ್ತನೇ ತಾರೀಕು ಅಮಾನತು ಮಾಡಿದರು. ನಾಲ್ಕನೇ ಕ್ಲಾಸಿನ ಪೂಜಿತಾಳ ಕಾಲನ್ನು ಬೀಡಿಯಿಂದ ಸುಟ್ಟರು ಎಂಬುದು ದೂರು. ಸುಟ್ಟಿರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಯಾರು ಸುಟ್ಟರು ಎಂದು ಹುಡುಗಿಯನ್ನೂ ಕೇಳಲಿಲ್ಲ.

ಹೆತ್ತೂರಿನಿಂದ ಆರು ಕಿಲೋಮೀಟರ್ ಒಳಗೆ, ಕಾಫಿ ಎಸ್ಟೇಟಿನ ಬೇಲಿಗೆ ಅಂಟಿಕೊಂಡ ಎರಡು ಕೋಣೆಯ ಶಾಲೆ ಅದು. ಯೋಗಾನಂದ ಹೋದ ಮೇಲೆ ಉಳಿದ ಟೀಚರ್ ಪಂಕಜಾಕ್ಷಿ ಒಬ್ಬಳೇ. ಗಂಡ, ಎರಡು ವರ್ಷದ ಮಗಳು ಹಾಸನದಲ್ಲಿ. ಇವಳು ಹೆತ್ತೂರಿನ ಬಾಡಿಗೆ ಕೋಣೆಯಲ್ಲಿ. ವರ್ಗಾವಣೆಗೆ ಮೂರು ಸಲ ಅರ್ಜಿ ಹಾಕಿದ್ದಳು.

ಸುದ್ದಿ ಕೇಳಿದಾಗ ಅವಳಿಗೂ ಮೊದಲು ಅನಿಸಿದ್ದು, ಸುಟ್ಟಿರಬಹುದು ಎಂದೇ. ಯೋಗಾನಂದ ಒಳ್ಳೆಯ ಮನುಷ್ಯನೇನಲ್ಲ. ಮಗ್ಗಿ ತಪ್ಪಿದರೆ ಸ್ಕೇಲಿನ ಅಂಚಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಶಾಲೆಯ ಹಿಂದೆ ನಿಂತು ಬೀಡಿ ಸೇದುತ್ತಿದ್ದರು. “ನಿಮ್ಮ ಕ್ಲಾಸಲ್ಲಿ ಪಾಠ ನಡೀತೈತೋ ಸಂತೆ ನಡೀತೈತೋ ಮೇಡಂ?” ಎಂದು ಮಕ್ಕಳ ಎದುರೇ ಅವಳನ್ನು ಚುಚ್ಚುತ್ತಿದ್ದರು.

ಆದರೆ ಜನವರಿಯ ಸಂಗತಿಯೂ ಅವಳಿಗೆ ನೆನಪಿತ್ತು. ಕಾಫಿ ಹಣ್ಣಿನ ಕೊಯ್ಲಿನ ಹೊತ್ತಿಗೆ, ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ಸರ್ವೆಯವರು ಬಂದಿದ್ದರು. ಸುತ್ತಲ ಶಾಲೆಗಳೆಲ್ಲ ‘ಎಲ್ಲರೂ ಹಾಜರು’ ಎಂದು ಬರೆದುಕೊಟ್ಟವು. ಯೋಗಾನಂದ ಮಾತ್ರ ಹನ್ನೊಂದು ಹೆಸರು ಬರೆದು, ಇವರೆಲ್ಲ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಾರೆ ಎಂದು ಸಹಿ ಹಾಕಿದ್ದರು. ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ದೇವೇಂದ್ರನೇ ಶಾಲಾ ಸಮಿತಿಯ ಅಧ್ಯಕ್ಷ. ಅವತ್ತಿನಿಂದ ಅವನ ಜೀಪು ಶಾಲೆಯ ಮುಂದೆ ನಿಧಾನವಾಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಮೇಷ್ಟ್ರು ಅಮಾನತಾಗಿ ಎರಡು ವಾರಕ್ಕೆ, ಗುರುವಾರ, ನಿಂತಿತು.

“ಶನಿವಾರ ಎನ್‌ಕ್ವೈರಿ ಐತೆ ಟೀಚರಮ್ಮ,” ಎಂದ ದೇವೇಂದ್ರ, ಇಳಿಯದೆ. “ನಾನು ಕಣ್ಣಾರೆ ಕಂಡೆ ಅಂತ ಒಂದು ಹೇಳಿಕೆ ಕೊಟ್‌ಬುಡಿ. ಅಷ್ಟೇಯ.”

“ನಾನು ಪಕ್ಕದ ಕೋಣೇಲಿದ್ದೆ. ಏನೂ ಕಾಣಲಿಲ್ಲ.”

“ನಡುವಿನ ಗೋಡೆ ಅರ್ಧವೇ ಅಲ್ವೇನ್ರೀ ಇರಾದು? ಮೇಲಿಂದ ಕಾಣ್ತು ಅನ್ನಿ.” ನಕ್ಕ. “ಮಗೀನ ಬುಟ್ಟು ಎಷ್ಟು ದಿನ ಅಂತ ಇರ್ತೀರಿ? ಹಾಸನದ ಹತ್ರ ಒಂದು ಜಾಗ ಖಾಲಿ ಐತಂತೆ.”

ತನ್ನ ಅರ್ಜಿಯ ಸುದ್ದಿ ಇವನ ಕಿವಿಗೆ ಹೇಗೆ ಬಿತ್ತು? ಅವಳು ಕೇಳುವಷ್ಟರಲ್ಲಿ ಜೀಪು ತಿರುವು ದಾಟಿತ್ತು.

ಸಂಜೆ ಅವಳು ಕೂಲಿಯವರ ಲೈನ್ ಮನೆಗಳಿಗೆ ಹೋದಳು. ಪೂಜಿತಾಳ ತಾಯಿ ಹುಲಿಯಮ್ಮ ಕಳೆ ಕೆಲಸ ಮುಗಿಸಿ ಬಂದು ಜಗಲಿಯ ಮೇಲೆ ಕಾಲು ಚಾಚಿದ್ದಳು. ಕಣಕಾಲಿಗೆ ಎರಡು ಇಂಬಳ, ಮಳೆಗಾಲದ ಜಿಗಣೆಗಳು, ಕಚ್ಚಿಕೊಂಡು ರಕ್ತ ಕುಡಿದು ಊದಿದ್ದವು. ಗಂಡ ಹುಚ್ಚಣ್ಣ ಉರಿಯುವ ಬೀಡಿಯನ್ನು ಅವಕ್ಕೆ ತಗುಲಿಸುತ್ತಿದ್ದ.

“ಬನ್ನಿ ಟೀಚರಮ್ಮ, ನಿಮ್ ಕಾಲೂ ನೋಡ್ಕಳಿ,” ಎಂದ ಹುಚ್ಚಣ್ಣ. “ನಮ್ ರಕ್ತ ಕುಡ್ದು ಕುಡ್ದು ಬ್ಯಾಸರ ಬಂದೈತೆ ಅವಕ್ಕೆ. ಹಾಸನದ್ದು ರುಚಿ ನೋಡ್ಲಿ.”

ಇಂಬಳ ಉದುರಿತು. ಕೆಂಡ ಚರ್ಮಕ್ಕೆ ತಾಗಿ ಹುಲಿಯಮ್ಮ “ಹ್ಸ್! ಕಣ್ ಕಾಣಾಕಿಲ್ವಾ ನಿಂಗೆ?” ಎಂದು ಗಂಡನ ಕೈಗೆ ಹೊಡೆದಳು. ಅವಳ ಕಣಕಾಲಿನ ಸುತ್ತ ಹಳೆಯ ಸುಟ್ಟ ಕಲೆಗಳು, ಕಾಳುಮೆಣಸಿನಷ್ಟು ಸಣ್ಣವು, ದುಂಡಗೆ, ಲೆಕ್ಕವಿಲ್ಲದಷ್ಟು.

“ಪೂಜಿತಾ ಕಾಲಿನ ಗಾಯಾನೂ ಹೀಗೇ ಆಗಿದ್ದಾ?” ಪಂಕಜಾಕ್ಷಿ ಕೇಳಿದಳು.

ಹುಚ್ಚಣ್ಣ ಬೀಡಿಯನ್ನು ನೆಲಕ್ಕೆ ಒತ್ತಿ ಎದ್ದು ಹಿತ್ತಿಲಿಗೆ ಹೋದ. ಹುಲಿಯಮ್ಮ ಸೀರೆಯನ್ನು ಪಾದದವರೆಗೂ ಎಳೆದುಕೊಂಡಳು.

“ಕಾಗದದಾಗೆ ಏನು ಬರ್ದವ್ರೋ ಅದೇಯ ಕಣ್ರಮ್ಮ.”

“ಏನು ಬರ್ದಿದಾರೆ?”

“ನಂಗೇನ್ ಗೊತ್ತು? ರೈಟ್ರು ಬಂದ್ರು, ಮಗೀನ ಕಾಲು ನೋಡಿದ್ರು, ಹೆಬ್ಬೆಟ್ಟು ಒತ್ತಿಸ್ಕಂಡ್ರು. ಈ ಮನೆ ಎಸ್ಟೇಟಿನೋರ್ದು. ಇಂಥಾ ಮಳೇಲಿ ಎಲ್ಲಿಗೋಗನ, ನೀವೇ ಹೇಳಿ.”

ಬಾಗಿಲಲ್ಲಿ ನಿಂತಿದ್ದ ಪೂಜಿತಾಳನ್ನು ಪಂಕಜಾಕ್ಷಿ ಹತ್ತಿರ ಕರೆದಳು. “ಮೇಷ್ಟ್ರು ನಿಂಗೇನಾದ್ರೂ ಮಾಡಿದ್ರಾ ಪುಟ್ಟ?”

“ಹೊಡೆದ್ರು ಮಿಸ್.”

“ಬೀಡೀಲಿ?”

ಹುಡುಗಿ ತಾಯಿಯ ಮುಖ ನೋಡಿದಳು.

“ಒಳಕ್ಕೋಗು,” ಎಂದಳು ಹುಲಿಯಮ್ಮ.

ಹಿಂದಿರುಗುವಾಗ ಪಂಕಜಾಕ್ಷಿಗೆ ಯಾವುದೂ ಖಾತ್ರಿಯಿರಲಿಲ್ಲ. ಅಪ್ಪನ ಬೀಡಿಯೋ? ಇಂಬಳ ಬಿಡಿಸಲು ಹೋದ ಮೇಷ್ಟ್ರ ಕೈ ತಪ್ಪಿತೋ? ಅಥವಾ ಆ ಸಿಡುಕು ಮನುಷ್ಯ ಬೇಕೆಂದೇ ಸುಟ್ಟನೋ? ತಿಳಿಯುವುದಕ್ಕೆ ಇದ್ದ ದಾರಿ ಒಂದೇ: ಎಲ್ಲರನ್ನೂ ಹೆದರಿಕೆಯಿಲ್ಲದ ಕಡೆ ಕೂರಿಸಿ ಕೇಳುವುದು. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆದಿತ್ತು.

ಶನಿವಾರ ವಿಚಾರಣಾಧಿಕಾರಿ ಎಸ್ಟೇಟಿನ ಜೀಪಿನಲ್ಲೇ ಶಾಲೆಗೆ ಬಂದರು. ಬಂಗಲೆಯಲ್ಲಿ ತಿಂಡಿ ಮುಗಿಸಿದ್ದರು. ದೇವೇಂದ್ರ ಅವರ ಪಕ್ಕದ ಕುರ್ಚಿಯಲ್ಲಿ, ಮಕ್ಕಳಿಗೆ ರಜೆ.

“ಯೋಗಾನಂದ ಮೇಷ್ಟ್ರು ಬರಲ್ವಾ ಸಾರ್?” ಪಂಕಜಾಕ್ಷಿ ಕೇಳಿದಳು.

“ನೋಟೀಸು ಕಳಿಸಿದ್ವಿ. ವಿಳಾಸ ಸಿಗಲಿಲ್ಲ ಅಂತ ವಾಪಸ್ ಬಂತು.”

“ಅವರೂರು ಬೆಳಗೋಡು. ಅಲ್ಲಿನ ಬಸ್‌ಸ್ಟ್ಯಾಂಡಲ್ಲಿ ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ.”

“ಅದು ನಮ್ಮ ಕೆಲಸ, ಬಿಡಿ ಮೇಡಂ.” ಅಧಿಕಾರಿ ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. ಹೇಳಿಕೆ ಆಗಲೇ ಟೈಪಾಗಿತ್ತು. ಅವಳ ಹೆಸರು, ಅವಳು ನಿಂತಿದ್ದ ಜಾಗ, ಅವಳು ಕಂಡ ಬೀಡಿ, ಅವಳು ಕೇಳಿದ ಮಗುವಿನ ಕಿರುಚಾಟ. “ಸಹಿ ಮಾಡಿ. ಸೋಮವಾರ ನಿಮ್ಮ ವರ್ಗಾವಣೆ ಫೈಲನ್ನ ನಾನೇ ನೋಡ್ತೀನಿ.”

ಎರಡು ವರ್ಷದ ಮಗಳು ಹೋದ ಭಾನುವಾರ ಅವಳನ್ನು ಕಂಡು ಅಜ್ಜಿಯ ಹಿಂದೆ ಅಡಗಿಕೊಂಡಿದ್ದಳು. ಪಂಕಜಾಕ್ಷಿ ಹಾಳೆಯನ್ನು ಎರಡು ಸಲ ಓದಿದಳು.

“ಇದರಲ್ಲಿರೋದು ಯಾವುದನ್ನೂ ನಾನು ಕಂಡಿಲ್ಲ.”

“ಏನ್ ಟೀಚರಮ್ಮ, ಆವಯ್ಯನ ಪರ ನಿಂತ್ಬುಟ್ರಲ್ಲ!” ದೇವೇಂದ್ರ ಅಧಿಕಾರಿಯ ಕಡೆ ತಿರುಗಿ ಹುಬ್ಬು ಹಾರಿಸಿದ. “ಇಬ್ಬರೇ ಇದ್ರಲ್ಲ ಸಾರ್ ಇಷ್ಟ್ ದಿನ, ಒಂದೇ ಸೂರಿನಡಿ.”

ಅವಳು ಅವನ ಕಡೆ ತಿರುಗಲಿಲ್ಲ. ಅಧಿಕಾರಿಯನ್ನೇ ನೋಡಿದಳು.

“ನಾನು ಅವರ ಪರ ಅಲ್ಲ ಸಾರ್. ಆ ಮನುಷ್ಯನನ್ನ ಕಂಡ್ರೆ ನಂಗಾಗಲ್ಲ. ಅವರ ಮೇಲೆ ನಂಗೂ ಅನುಮಾನ ಇದೆ. ಇವರ ಮೇಲೂ ಇದೆ. ಈ ಜೀಪಲ್ಲಿ ಬಂದಿದ್ದಕ್ಕೆ ನಿಮ್ಮ ಮೇಲೂ ಇದೆ. ಅದಕ್ಕೇ ಮೇಷ್ಟ್ರನ್ನ ಕರೆಸಿ, ಆ ಮಗೂನ ಕೇಳಿ ಅಂತಿರೋದು.”

“ಇದು ಇಲಾಖೆ ಆದೇಶ ಅಂತ ತಿಳ್ಕೊಳ್ಳಿ,” ಎಂದರು ಅಧಿಕಾರಿ, ಪೆನ್ನು ಮುಂದೆ ಹಿಡಿದು. “ಸಹಿ ಮಾಡಿ.”

“ಮಾಡಲ್ಲ ಸಾರ್.”