ತುದಿಯ ಹೋಳು ಅಪ್ಪನದು

ಬೇಕರಿಯಲ್ಲಿ ದುಡಿಯುವವರ ಬಟ್ಟೆ ಒಗೆಯುವುದಕ್ಕೆ ಒಂದು ಕ್ರಮವಿದೆ. ಒಣಗಿದ್ದಾಗಲೇ ಮೊದಲು ಕೊಡವಬೇಕು. ಹಿಟ್ಟು ಉದುರಿಸದೆ ನೀರಿಗೆ ಹಾಕಿದರೆ ಬಕೆಟ್ಟಿನ ತುಂಬ ಅಂಟು. ಅದರಿಂದ ಗೋಡೆಗೆ ಕಾಗದ ಅಂಟಿಸಬಹುದೇ ಹೊರತು ಬಟ್ಟೆ ಬೆಳ್ಳಗಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಆ ಅಂಟನ್ನೂ ಒಮ್ಮೆ ಮಾಡಿ ನೋಡಿದ್ದಳು. ಅಂದಿನಿಂದ ದಿನಾ ಬೆಳಗ್ಗೆ ಬಾಲ್ಕನಿಯಲ್ಲಿ ನಿಂತು, ಗಂಡ ಹಿಂದಿನ ದಿನ ಬಿಚ್ಚಿಟ್ಟ ಏಪ್ರನ್ ಹಿಡಿದು ಪಟಪಟ ಕೊಡವುವುದು ಅವಳ ಮೊದಲ ಕೆಲಸ.

“ಏನಮ್ಮಾ, ಇವತ್ತೂ ಹಿಟ್ಟಿನ ಮಳೇನಾ?” ಕೆಳಮನೆಯ ಹೊಲಿಗೆ ಅಕ್ಕ ಕಿಟಕಿಯಿಂದ ಕತ್ತು ಹೊರಹಾಕಿದಳು. “ಒಂಚೂರು ನೀರೂ ಉಪ್ಪೂ ಕಳಿಸಿಬಿಡು, ಇಲ್ಲೇ ಬ್ರೆಡ್ ಸುಟ್ಕೋತೀನಿ.”

“ಬಿಟ್ಟಿ ಹಿಟ್ಟು ಅಕ್ಕಾ, ಬೇಡ ಅನ್ಬೇಡಿ!”

“ಬಿಟ್ಟಿಯೇನೋ ಸರಿ. ಗಿರಾಕಿಯ ಕರಿ ಕೋಟಿಗೆ ನರೆ ಬಂದಿದೆಯಲ್ಲ, ಅದಕ್ಕೇನು ಬಣ್ಣ ಹಚ್ಚಲಾ?”

ನಗುತ್ತಲೇ ಇದ್ದಳು, ಒಳಗೆ ಫೋನ್ ಬಡಿದುಕೊಂಡಿತು. ಏಪ್ರನ್ನನ್ನು ಹೆಗಲಿಗೆ ಹಾಕಿಕೊಂಡು ಓಡಿದಳು.

“ತಂಗೀ, ನಾನು, ಒಲೆ ಮೇಸ್ತ್ರಿ.”

ಬೇಕರಿಯ ದೊಡ್ಡ ಒಲೆಗಳನ್ನು ನೋಡಿಕೊಳ್ಳುವ ಹಿರಿಯ. ಗಂಡನಿಗೆ ಕೆಲಸ ಕಲಿಸಿದವನೂ ಅವನೇ. ಆ ಮನುಷ್ಯ ಮಾತಾಡಿದರೆ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿಯಬೇಕು, ಅಷ್ಟು ಜೋರು. ಇವತ್ತು ಕಿವಿಗೆ ಒತ್ತಿ ಹಿಡಿದರೂ ಸರಿಯಾಗಿ ಕೇಳಲಿಲ್ಲ.

“ಗಾಬರಿಯಾಗಬೇಡ. ಒಲೆ ಒಳಗೆ ಗ್ಯಾಸು ತುಂಬ್ಕೊಂಡಿತ್ತು, ಯಾರಿಗೂ ಗೊತ್ತಾಗಲಿಲ್ಲ. ಇವನು ಕಡ್ಡಿ ಗೀರಿದ್ದೇ ತಡ, ಬೆಂಕಿ ಆಚೆಗೆ ನುಗ್ಗಿಬಿಡ್ತು. ಕೈಗೆ, ಮುಖಕ್ಕೆ ತಾಕಿದೆ. ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ.”

“ಕಣ್ಣು?” ಅಂದಳು ಅವಳು. ಮೊದಲು ಬಾಯಿಗೆ ಬಂದದ್ದು ಅದೇ.

“ಅದನ್ನೇ ಒಳಗೆ ನೋಡ್ತಿದಾರೆ. ಈಗ ಯಾರನ್ನೂ ಒಳಗೆ ಬಿಡ್ತಿಲ್ಲ, ನೀನು ಬಂದ್ರೂ ಬಾಗಿಲು ಕಾಯಬೇಕು. ಫೋನ್ ಹತ್ರಾನೇ ಇರು. ಗೊತ್ತಾದ ತಕ್ಷಣ ಹೇಳ್ತೀನಿ, ನಾನೇ ಗಾಡಿ ತಗೊಂಡು ಬರ್ತೀನಿ.”

ಫೋನ್ ಇಟ್ಟು ತಿರುಗಿದಾಗ ಮಗಳು ಊಟದ ಮೇಜಿನಲ್ಲಿ ಕೂತು, ಹಾಲಿನ ಲೋಟ ಹಿಡಿದು, ಅವಳನ್ನೇ ನೋಡುತ್ತಿದ್ದಳು. ಶಾಲೆಗೆ ರಜೆ. ಏಳು ತುಂಬದ ಹುಡುಗಿ, ಮುಖದ ತುಂಬ ಕಣ್ಣು. ಹುಟ್ಟಿದ ಮಾರನೇ ದಿನವೇ ಅಪ್ಪ ಅವಳಿಗೆ ‘ಗೂಬೆಮರಿ’ ಅಂತ ಹೆಸರಿಟ್ಟಿದ್ದ. “ಮನೆ ಲಕ್ಷ್ಮೀನ ಗೂಬೆ ಅಂತೀಯಲ್ಲೋ, ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಅನ್ನೋದಾ!” ಅಂತ ಅಜ್ಜಿ ಬೈದಿದ್ದಳು. ಆದರೆ ಹೆಸರು ನಿಂತಿತು. ಆ ಮಗು ಎಲ್ಲವನ್ನೂ ನೋಡುತ್ತಿತ್ತು, ಏನನ್ನೂ ಕೇಳುತ್ತಿರಲಿಲ್ಲ. ಬೇರೆ ಮಕ್ಕಳು ಯಾಕೆ, ಏನು ಅಂತ ತಲೆ ತಿನ್ನುವಾಗ ತನ್ನದು ಎಷ್ಟು ಸಮಾಧಾನದ ಮಗು ಅಂತ ತಾಯಿ ಹೆಮ್ಮೆಪಟ್ಟದ್ದೂ ಉಂಟು.

“ಯಾರೋ ರಾಂಗ್ ನಂಬರ್,” ಅಂದಳು ತಾಯಿ. ಯಾರದು ಅಂತ ಮಗು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಿಜವಾಗಿಯೂ ಹೆಗಲು ಮುಟ್ಟಿಕೊಂಡಳು, ಏಪ್ರನ್ ಇನ್ನೂ ಅಲ್ಲೇ ಇತ್ತು.

ಕೈಗೆ ಏನಾದರೂ ಕೆಲಸ ಬೇಕಿತ್ತು. ಬ್ರೆಡ್ಡಿನ ಡಬ್ಬಿ ತೆಗೆದಳು. ಮಾರಿ ಉಳಿದ ಬ್ರೆಡ್ಡನ್ನು ಗಂಡ ಮನೆಗೆ ತರುತ್ತಾನೆ. ವಾರದಲ್ಲಿ ಡಬ್ಬಿಯ ಮುಚ್ಚಳ ಹಾಕಲಾಗದಷ್ಟು ಆಗುತ್ತದೆ. ನಿನ್ನೆಯದು ಮೆತ್ತಗೆ, ಮೊನ್ನೆಯದು ಗಟ್ಟಿ, ಅದರ ಹಿಂದಿನದನ್ನು ಎಸೆದರೆ ನಾಯಿಗೇ ಪೆಟ್ಟಾಗಬೇಕು.

“ಗೂಬೆಮರೀ, ಬ್ರೆಡ್ ಪುಡಿಂಗ್ ಮಾಡೋಣ್ವಾ ಇವತ್ತು?” ದನಿಯಲ್ಲಿ ಸಕ್ಕರೆ ಬೆರೆಸಿದಳು.

ಮಗಳ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ ಮೇಜಿಗೆ ಇಳಿಯಿತು.

“ಯಾಕೆ, ಬೇಡ್ವಾ? ನಿಂಗಿಷ್ಟ ಅಲ್ವಾ?”

ಮಗು ತಲೆಯಾಡಿಸಿತು. ಹೌದೋ ಅಲ್ಲವೋ ಗೊತ್ತಾಗದ ಹಾಗೆ.

ತಾಯಿ ಬ್ರೆಡ್ಡನ್ನು ಮುರಿದು ತಟ್ಟೆಗೆ ಹಾಕತೊಡಗಿದಳು. ಈ ಮನೆಯಲ್ಲಿ ಈ ಸಿಹಿ ಹಬ್ಬಕ್ಕಾಗಲಿ ಹುಟ್ಟುಹಬ್ಬಕ್ಕಾಗಲಿ ಆಗುತ್ತಿರಲಿಲ್ಲ. ಮುದಿ ಬೆಕ್ಕು ಸತ್ತ ದಿನ ಮೊದಲ ಸಲ ಮಾಡಿದ್ದು. ಬೆಕ್ಕು ಇಲಿ ಹಿಡಿಯಲು ಅಂಗಡಿಯವರ ಮನೆಗೆ ಹೋಗಿದೆ ಅಂತ ಹೇಳಿ, ಬಿಸಿಬಿಸಿ ಬಟ್ಟಲು ಮಗುವಿನ ಮುಂದೆ ಇಟ್ಟಿದ್ದಳು. ಅಜ್ಜಿ ಹೋದಾಗಲೂ ಅಷ್ಟೇ. ಕಳೆದ ವರ್ಷ, ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡು ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳು, ಮಾರನೇ ದಿನ ಎದ್ದು ನಿಂತು ಮಾಡಿದ ಮೊದಲ ಅಡುಗೆಯೂ ಇದೇ. ಮಾತು ಸಿಕ್ಕದ ದಿನ ಹಾಲು, ಮೊಟ್ಟೆ, ಸಕ್ಕರೆ ಸಿಗುತ್ತಿದ್ದವು. ಮಗು ಬಟ್ಟಲು ಹಿಡಿದು ಬಾಲ್ಕನಿಗೆ ಹೋಗುತ್ತಿತ್ತು, ಖಾಲಿ ಬಟ್ಟಲು ತರುತ್ತಿತ್ತು. ತಾಯಿಗೆ ಅಷ್ಟೇ ಸಾಕಾಗುತ್ತಿತ್ತು.

ಎರಡು ಮೊಟ್ಟೆ ಒಡೆದಳು. ಸಿಪ್ಪೆಯ ಚೂರು ಒಳಗೆ ಬಿತ್ತು, ಎಂದೂ ಬೀಳದ್ದು. ಬೆರಳಿನಿಂದ ತೆಗೆಯಲು ಹೋದರೆ ಜಾರಿ ಜಾರಿ ತಪ್ಪಿಸಿಕೊಂಡಿತು. ಕಣ್ಣು. ಕಣ್ಣು ಉಳಿಯಲಿ. ಕೈ ಹೇಗಾದರೂ ಆಗಲಿ, ಕಣ್ಣು ಉಳಿದರೆ ಸಾಕು. ಹಾಗಂದುಕೊಂಡ ಮರುಕ್ಷಣವೇ, ಅಯ್ಯೋ, ಹಿಟ್ಟು ನಾದುವವನಿಗೆ ಕೈ ಬೇಡವೇ ಅಂತ ನಾಲಿಗೆ ಕಚ್ಚಿಕೊಂಡಳು.

ಮುರಿಯುತ್ತಾ ಮುರಿಯುತ್ತಾ ಬ್ರೆಡ್ಡಿನ ತುದಿಯ ಹೋಳು ಕೈಗೆ ಬಂತು. ಕಂದು ಬಣ್ಣದ, ಅಂಗೈಯಗಲದ ಗಟ್ಟಿ ಹೋಳು. ಅದನ್ನು ಮುರಿಯಬೇಕೆನ್ನುವಷ್ಟರಲ್ಲಿ ಪುಟ್ಟ ಕೈಯೊಂದು ಬಂದು ಕಿತ್ತುಕೊಂಡಿತು.

“ಇದು ಅಪ್ಪಂದು.”

ಹೌದು, ತುದಿ ಯಾವಾಗಲೂ ಅಪ್ಪನದು. ‘ದಿನವಿಡೀ ಮೆತ್ತನೆಯದನ್ನ ಮುಟ್ಟಿ ಮುಟ್ಟಿ ಸಾಕಾಗುತ್ತೆ, ಹಲ್ಲಿಗೂ ಒಂದು ಕೆಲಸ ಬೇಡ್ವಾ’ ಅನ್ನುತ್ತಿದ್ದ.

“ಇನ್ನೊಂದು ಬ್ರೆಡ್ ಇದೆ ಚಿನ್ನ, ಅದರ ತುದಿ ಅಪ್ಪನಿಗೆ ಇಡೋಣ. ಇದನ್ನ ಕೊಡು.”

ಮಗು ಹೋಳನ್ನು ಎದೆಗವಚಿಕೊಂಡು ಒಳಗೆ ಓಡಿತು. ಬೇರೆ ದಿನವಾಗಿದ್ದರೆ ಹಿಂದೆ ಹೋಗುತ್ತಿದ್ದಳೇನೋ. ಇವತ್ತು ಮಗು ಎದುರಿಗಿಲ್ಲದ್ದೇ ಒಳ್ಳೆಯದೆನಿಸಿತು.

ಬೆಚ್ಚಗಿನ ಹಾಲಿಗೆ ಸಕ್ಕರೆ, ಮೊಟ್ಟೆ, ಚಿಟಿಕೆ ಚಕ್ಕೆ ಪುಡಿ ಸೇರಿಸಿ ಬ್ರೆಡ್ಡಿನ ಮೇಲೆ ಸುರಿದಳು. ಒಣ ಚೂರುಗಳು ಮೇಲೆ ತೇಲಿದವು, ಬೆರಳಿನಿಂದ ಒಂದೊಂದನ್ನೇ ಅದುಮಿದಳು. ಒತ್ತಿದರೆ ಮುಳುಗುತ್ತವೆ, ಬಿಟ್ಟರೆ ಮತ್ತೆ ಮೇಲೆ ಬರುತ್ತವೆ. ಹಾಲು ಕುಡಿಯುವ ತನಕ ಹಾಗೇ. ಒಣದ್ರಾಕ್ಷಿ ಉದುರಿಸಿದಳು. ಫೋನಿನ ಕಡೆ ನೋಡಿದಳು. ಎತ್ತಿ ಕಿವಿಗಿಟ್ಟು ಸರಿಯಾಗಿದೆಯೇ ಅಂತ ಪರೀಕ್ಷಿಸಿದಳು, ಅಷ್ಟರಲ್ಲೇ ಅವರು ಮಾಡಿಬಿಟ್ಟರೆ ಅಂತ ಹೆದರಿ ಧಡಕ್ಕನೆ ಇಟ್ಟಳು.

ಆಮೇಲೆ ಓವನ್ನಿನ ಮುಂದೆ ಮೊಣಕಾಲೂರಿದಳು.

ಬೇಕರಿಯವರು ಬಿಸಾಡಿದ ಸಣ್ಣ ಗ್ಯಾಸ್ ಓವನ್ ಅದು. ಗಂಡ ತಂದು ರಿಪೇರಿ ಮಾಡಿದ್ದ. ಕಡ್ಡಿ ಗೀರಿಯೇ ಹಚ್ಚಬೇಕು. ‘ಮೊದಲು ಬಾಗಿಲು ತೆಗಿ, ಮೂಸಿ ನೋಡು, ಗಾಳಿ ಆಡಲಿ, ಆಮೇಲೆ ಕಡ್ಡಿ. ಅವಸರ ಮಾಡಿದ್ರೆ ಹುಬ್ಬು ಹೋಗುತ್ತೆ, ಆಮೇಲೆ ಕಾಡಿಗೇಲಿ ಬರ್ಕೋಬೇಕು,’ ಅಂತ ಅವನೇ ನಗಿಸುತ್ತ ಕಲಿಸಿದ್ದು. ಅಷ್ಟು ತಿಳಿದವನಿಗೇ ಹೀಗಾಯಿತು.

ಬಾಗಿಲು ತೆಗೆದಳು. ಮೂಸಿದಳು. ಮತ್ತೆ ಮೂಸಿದಳು. ಬರೀ ಹಳೆಯ ಬೆಣ್ಣೆಯ ವಾಸನೆ. ಕಡ್ಡಿ ಗೀರಿದಳು, ಆರಿತು. ಇನ್ನೊಂದು ಗೀರಿದರೆ ಮುರಿಯಿತು. ಮೂರನೆಯದು ಹತ್ತಿಕೊಂಡಿತು, ಆದರೆ ಕೈ ಮುಂದಕ್ಕೆ ಹೋಗಲೊಲ್ಲದು. ಉರಿ ಬೆರಳಿನ ತನಕ ಬಂತು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ತೋಳನ್ನು ಒಳಗೆ ನೀಡಿದಳು.

ಭುಸ್ ಅಂತ ಸಣ್ಣ ಸದ್ದು. ನೀಲಿ ಉರಿ ಸಾಲಾಗಿ, ಸಭ್ಯವಾಗಿ ಹೊತ್ತಿಕೊಂಡಿತು. ತಟ್ಟೆಯನ್ನು ಒಳಗಿಟ್ಟು ಬಾಗಿಲು ಹಾಕಿ ಅಲ್ಲೇ ಗೋಡೆಗೆ ಒರಗಿದಳು. ಬೆವರು ಕತ್ತಿನಿಂದ ಇಳಿಯುತ್ತಿತ್ತು.

ಮನೆಯ ಬಾಗಿಲು ಸದ್ದಾಯಿತು. ಹೊಲಿಗೆ ಅಕ್ಕ, ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಪಿನ್ನು. ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ಬೇಕರೀಲಿ ಏನೋ ಆಯ್ತಂತಲ್ಲೇ! ಹಾಲಿನವನು ಹೇಳ್ದ. ನಿಮ್ಮನೆಯವರು...”

ತಾಯಿ ಬೆರಳನ್ನು ತುಟಿಗಿಟ್ಟು ಒಳಕೋಣೆಯ ಕಡೆ ಕಣ್ಣು ತೋರಿಸಿದಳು. ಪಿಸುದನಿಯಲ್ಲಿ ಇದ್ದಷ್ಟು ಹೇಳಿದಳು. ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು.

“ಏನೂ ಆಗಲ್ಲ, ಧೈರ್ಯ ತಗೋ. ಮಗುಗೆ ಮಾತ್ರ ಬಾಯಿ ಬಿಡಬೇಡ. ಕೂಸು, ಅದಕ್ಕೇನು ಗೊತ್ತಾಗುತ್ತೆ? ಅಪ್ಪ ಬೇರೆ ಊರಿಗೆ ಕೆಲಸಕ್ಕೆ ಹೋಗಿದಾರೆ ಅನ್ನು. ನೀನು ಹೊರಟರೆ ನನ್ನ ಹತ್ರ ಬಿಡು. ಗುಂಡಿ ಪೋಣಿಸ್ತಾ ಕೂತಿರುತ್ತೆ.”

“ಹೂಂ,” ಅಂದಳು ತಾಯಿ. ಆ ಮಾತು ಅವಳ ಬಾಯಲ್ಲೂ ಆಗಲೇ ತಯಾರಾಗಿತ್ತು.

ಅಡುಗೆಮನೆಯಿಂದ ಚಕ್ಕೆ, ಬೆಣ್ಣೆ, ಹಾಲಿನ ಪರಿಮಳ ಹರಡತೊಡಗಿತು. ಎಂಥ ಮನೆಯನ್ನೂ ತೊಟ್ಟಿಲು ಮಾಡಿಬಿಡುವ ವಾಸನೆ. ಅದರ ನಡುವೆ ಫೋನ್ ಬಡಿದುಕೊಂಡಿತು. ಇಬ್ಬರೂ ಬೆಚ್ಚಿದರು.

“ಕಣ್ಣಿಗೆ ಏನೂ ಆಗಿಲ್ಲ ತಂಗೀ!” ಮೇಸ್ತ್ರಿಯ ಗಂಟಲು ವಾಪಸ್ಸು ಬಂದಿತ್ತು, ಹೊಲಿಗೆ ಅಕ್ಕನಿಗೂ ಕೇಳುವಷ್ಟು. “ಮುಖದ್ದು ಮೇಲ್ಮೇಲೆ ಬೆಂದಿದೆ, ವಾಸಿಯಾಗುತ್ತಂತೆ. ಬಲಗೈ ಮಾತ್ರ... ಅದು ಜಾಸ್ತಿ ಆಗಿದೆ. ಇಲ್ಲೇ ಇರಬೇಕು, ಎಷ್ಟು ದಿನ ಅಂತ ಹೇಳಿಲ್ಲ. ಆ ಕೈ ಮೊದಲಿನ ಹಾಗಾಗುತ್ತಾ ಅಂತ್ಲೂ ಹೇಳಿಲ್ಲ. ಪ್ರಜ್ಞೆ ಇದೆ. ಹುಬ್ಬು ಹೋಯ್ತಾ ಅಂತ ಕೇಳ್ದ, ನೋಡು! ಒಂದು ಸಡಿಲ ಶರ್ಟು ತಗೊಂಡಿರು, ಮುಂದೆ ಗುಂಡಿ ಇರೋದು. ಹೊರಟೆ ನಾನು.”

ಹೊಲಿಗೆ ಅಕ್ಕ ಗಾಡಿ ನೋಡಲು ಕೆಳಗೆ ಓಡಿದಳು. ತಾಯಿ ಉರಿ ಆರಿಸಿ, ಬಟ್ಟೆ ಸುತ್ತಿ ತಟ್ಟೆ ಹೊರಗೆ ತೆಗೆದಳು. ಮೇಲ್ಭಾಗ ಹೊಂಬಣ್ಣಕ್ಕೆ ಉಬ್ಬಿತ್ತು. ಆಮೇಲೆ ಶರ್ಟು ತರಲು ಕೋಣೆಗೆ ಹೋದಳು.

ಬಾಗಿಲ ಹಿಂದಿನ ಮೊಳೆ ಖಾಲಿಯಾಗಿತ್ತು.

ಬೆಳಗ್ಗೆ ಕಸ ಗುಡಿಸುವಾಗ ಅಲ್ಲೇ ತೂಗುತ್ತಿತ್ತು, ಬೂದು ಬಣ್ಣದ ಹಳೆಯ ಶರ್ಟು. ಮಂಚದ ಕೆಳಗೆ ಅವನು ಮನೆಯಲ್ಲಿ ಮೆಟ್ಟುವ ಚಪ್ಪಲಿ ಇರಲಿಲ್ಲ. ಕನ್ನಡಿಯ ಮುಂದೆ ಹಲ್ಲು ಮುರಿದ ಬಾಚಣಿಗೆ ಇರಲಿಲ್ಲ. ಕಿಟಕಿಯಲ್ಲಿ ಅವನ ಚಹಾದ ಲೋಟವಿಲ್ಲ. ಅವನಿದ್ದ ಗುರುತನ್ನೇ ಯಾರೋ ಆ ಕೋಣೆಯಿಂದ ಒರೆಸಿ ತೆಗೆದಂತಿತ್ತು. ಈಗಷ್ಟೇ ಕೇಳಿದ್ದು ಸುಳ್ಳೇ?

ಬಟ್ಟೆ ಬೀರುವಿನ ಸಂದಿಯಿಂದ ಉಸಿರಿನ ಸದ್ದು ಕೇಳಿಸಿತು.

ಮಗು ಗೋಡೆಗೆ ಬೆನ್ನು ಹಚ್ಚಿ ಕೂತಿತ್ತು. ಶರ್ಟನ್ನು ಹೊದ್ದುಕೊಂಡಿತ್ತು. ಮಡಿಲಲ್ಲಿ ಚಪ್ಪಲಿ, ಬಾಚಣಿಗೆ, ಲೋಟ. ಲೋಟದೊಳಗೆ ಬ್ರೆಡ್ಡಿನ ತುದಿಯ ಹೋಳು.

“ಇದೇನೇ ಇದು?”

“ನೀನು ತೆಗೆದಿಟ್ಟುಬಿಡ್ತೀಯ.” ಮಗುವಿನ ದನಿ ಎಷ್ಟು ಸಣ್ಣದಿತ್ತೆಂದರೆ ತಾಯಿ ಬಗ್ಗಬೇಕಾಯಿತು. “ಬೆಕ್ಕಿನ ಬಟ್ಟಲು ತೆಗೆದಿಟ್ಟೆ. ಅಜ್ಜಿ ಕನ್ನಡಕ ತೆಗೆದಿಟ್ಟೆ. ಪಾಪು ಕಾಲುಚೀಲಾನೂ. ಪುಡಿಂಗ್ ಆದ್ಮೇಲೆ ಎಲ್ಲಾ ತೆಗೆದಿಡ್ತೀಯ.”

ಬಾಲ್ಕನಿಯ ಹೂಕುಂಡ ತಾಯಿಯ ಕಣ್ಣ ಮುಂದೆ ಬಂತು. ಅದಕ್ಕೆ ಆಗಾಗ ಇರುವೆ ಮುತ್ತುವುದು ಯಾಕೆಂದು ತಲೆ ಕೆಡಿಸಿಕೊಂಡಿದ್ದಳು, ಮಣ್ಣು ಬದಲಿಸಿದ್ದಳು. ಆ ಖಾಲಿ ಬಟ್ಟಲುಗಳೆಲ್ಲ ಎಲ್ಲಿ ಖಾಲಿಯಾದವೆಂದು ಈಗ ತಿಳಿಯಿತು. ಸಮಾಧಾನ ಅಂತ ತಾನು ಬೇಯಿಸಿ ಬಡಿಸಿದ್ದು ಈ ಕೂಸಿಗೆ ನುಂಗಲಾಗದ, ಉಗುಳಲಾಗದ ಬಿಸಿತುಪ್ಪವಾಗಿತ್ತು. ಅದು ಸಮಾಧಾನದ ಮಗುವಲ್ಲ. ಕೇಳಿದರೆ ಏನು ಉತ್ತರ ಬಂದೀತೋ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದ ಮಗು.

ಕೆಳಗೆ ಗಾಡಿಯ ಹಾರನ್. “ಬಂದ್ರು ಕಣೇ! ಮಗೂನ ನನ್ನ ಹತ್ರ ಕಳಿಸು!” ಅಂತ ಹೊಲಿಗೆ ಅಕ್ಕನ ಕೂಗು.

ಬೇರೆ ಊರಿಗೆ ಕೆಲಸಕ್ಕೆ ಹೋಗಿದಾರೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಂದು ತಳ್ಳಿದರೆ ಸಾಕು, ಹೊರಗೆ ಬೀಳುತ್ತಿತ್ತು. ಕೈ ಗುಣವಾಗದಿದ್ದರೆ? ಆಗೇನು ಹೇಳುವುದು? ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲಾದರೂ ಹೇಳಬಹುದಲ್ಲ.

“ಇಬ್ರೂ ಬರ್ತೀವಿ ಅಕ್ಕಾ,” ಅಂತ ಕೂಗಿ ಹೇಳಿ, ಅವಳು ಬೀರುವಿನ ಸಂದಿಯಲ್ಲಿ ಮಗುವಿನ ಎದುರು ನೆಲಕ್ಕೆ ಕೂತಳು. ಚಪ್ಪಲಿಯನ್ನಾಗಲಿ ಶರ್ಟನ್ನಾಗಲಿ ಮುಟ್ಟಲಿಲ್ಲ.

“ಬೆಳಗ್ಗೆ ಬಂದಿದ್ದು ರಾಂಗ್ ನಂಬರ್ ಅಲ್ಲ,” ಅಂದಳು. “ನಾನು ಸುಳ್ಳು ಹೇಳ್ದೆ. ಇನ್ಮೇಲೆ ಹೇಳಲ್ಲ. ನಿಂಗೆ ಏನು ಕೇಳ್ಬೇಕೋ ಕೇಳು ಗೂಬೆಮರಿ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ.”

ಮಗು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಕೆಳಗೆ ಮತ್ತೊಮ್ಮೆ ಹಾರನ್ ಆಯಿತು. ತಾಯಿ ಕದಲಲಿಲ್ಲ. ಆ ದೊಡ್ಡ ಕಣ್ಣುಗಳು ಅವಳ ಮುಖವನ್ನು ಹುಡುಕಿದವು, ಹಣೆಯಿಂದ ಗಲ್ಲದ ತನಕ, ಏನಾದರೂ ಬಚ್ಚಿಟ್ಟಿದ್ದಾಳೆಯೇ ಅಂತ. ಆಮೇಲೆ ತುಟಿ ಅಲುಗಿತು.

“ಅಮ್ಮಾ, ಈ ಸಲ ಅಪ್ಪಾನಾ?”