ಅಮ್ಮ ಕೈಗಿಡುವ ಮಾತ್ರೆ

"ನಿನ್ನ ಮೂತ್ರದಲ್ಲಿ ಔಷಧಿಯ ಸುಳಿವೇ ಇಲ್ಲ, ಟ್ರೀನಾ," ಎಂದಳು ರಮೋನಾ ಕಾಡಿಲ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಟ್ರೀನಾ ಅರ್ಥವಾಗದೆ ನಕ್ಕಳು. "ದಿನಾ ತಗೋತೀನಿ ಮೇಡಂ. ಇವತ್ತೂ ತಗೊಂಡಿದೀನಿ."

"ತಗೊಂಡಿದ್ರೆ ಕಾಣ್ಬೇಕಿತ್ತು."

ಕೆಂಟಕಿಯ ಆ ಗಣಿಯೂರಿಗೆ ಡಾಕ್ಟರು ಬರುವುದು ನಿಂತು ಬಹಳ ಕಾಲವಾಗಿತ್ತು. ಔಷಧಿ ಬರೆದುಕೊಡುವ ಪರವಾನಗಿ ಇದ್ದ ನರ್ಸ್ ರಮೋನಾಳೇ ಊರಿಗೆಲ್ಲ ಡಾಕ್ಟರು. ಮನಸ್ಸು ಒಂದೆಡೆ ನಿಲ್ಲದ ಟ್ರೀನಾಳ ಕಾಯಿಲೆಯನ್ನು, ಅವಳಿಗೆ ಮೂವತ್ತು ದಾಟಿದ ಮೇಲೆ, ಮೊದಲು ಗುರುತಿಸಿದವಳೂ ಅವಳೇ. ಅಲ್ಲಿಯವರೆಗೆ ಅದಕ್ಕೆ ಸೋಮಾರಿತನ ಎಂಬ ಹೆಸರಿತ್ತು. ಟ್ರೀನಾಳ ತಾಯಿ ಓಪಲ್ ಎಲ್ಲರೆದುರೂ ಹಾಗೇ ಕರೆಯುತ್ತಿದ್ದಳು. ಹಸಿವು ಕುಗ್ಗಿಸಿ ಹುರುಪೇರಿಸುವ ಆ ಮಾತ್ರೆ ಶುರುವಾದ ಮೇಲೆ ಟ್ರೀನಾ ವೃದ್ಧಾಶ್ರಮದ ಅಡುಗೆಮನೆ ಸೇರಿದಳು. ಯಾರಿಗೆ ಉಪ್ಪಿಲ್ಲದ್ದು, ಯಾರಿಗೆ ಅರೆದದ್ದು ಎಂಬುದೆಲ್ಲ ತಲೆಯಲ್ಲಿ ನಿಂತಿತು. ಅಂಥವಳು ಚಳಿಗಾಲ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನಂತಾದಳು. ಸಕ್ಕರೆ ಕಾಯಿಲೆಯ ಮುದುಕನ ತಟ್ಟೆಗೆ ಇನ್ನೊಬ್ಬರ ಸಿಹಿ ಇಟ್ಟು, ಅವನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮಾತ್ರೆ ಹಿಡಿಸುತ್ತಿಲ್ಲ ಎಂದು ಅವಳು ಅತ್ತಾಗ ರಮೋನಾ ಪ್ರಮಾಣ ಹೆಚ್ಚಿಸಿದಳು. ಆಮೇಲೆ ಇನ್ನೊಮ್ಮೆ ಹೆಚ್ಚಿಸಿದಳು.

"ಮಾತ್ರೆ ಯಾರ ಹತ್ರ ಇರುತ್ತೆ?"

"ಅಮ್ಮನ ಹತ್ರ. ನೀನು ಕಳೆದುಹಾಕ್ತೀಯ, ಅವ್ರ ಹತ್ರ ಇರ್ಲಿ ಅಂತ ನೀವೇ ಅಂದ್ರಲ್ಲ. ಬೆಳಿಗ್ಗೆ ಕಾಫಿ ಜೊತೆ ಅವಳೇ ಕೈಗಿಡ್ತಾಳೆ."

ಪಕ್ಕದಲ್ಲಿ ಓಪಲ್ ಕುರ್ಚಿಯ ತುದಿಗೆ ಕೂತಿದ್ದಳು. ಕಳೆದ ವರ್ಷ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದ ಹೆಂಗಸು ಈಗ ಅರ್ಧವಾಗಿದ್ದಳು. ಇಡೀ ಮನೆಗೆ ಒಬ್ಬಳೇ ಬಣ್ಣ ಬಳಿದಳೆಂದು, ಚರ್ಚಿನ ಊಟಕ್ಕೆ ಒಬ್ಬಳೇ ಬೇಯಿಸಿ ಹಾಕಿದಳೆಂದು ಊರು ಹೊಗಳುತ್ತಿತ್ತು. ಅವಳ ಮೊಣಕಾಲು ಒಂದೇ ಸಮ ಕುಣಿಯುತ್ತಿತ್ತು. ಒಣಗಿದ ತುಟಿಯನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದಳು. ಅಷ್ಟು ಬೆಳಕಿನಲ್ಲೂ ಕಣ್ಣಪಾಪೆ ಅಗಲವಾಗಿತ್ತು.

ರಮೋನಾ ಆ ಕಣ್ಣುಗಳನ್ನೇ ನೋಡಿದಳು. ಅವಳು ನೋಡಿದ್ದನ್ನು ಓಪಲ್ ನೋಡಿದಳು.

"ಹೇಳಬಾರದು ಅಂತಿದ್ದೆ ಡಾಕ್ಟ್ರಮ್ಮ," ಎಂದಳು ಓಪಲ್. "ಹೆತ್ತ ಹೊಟ್ಟೆ ನೋಡಿ. ಇವಳು ಅದನ್ನ ಬಾಯಲ್ಲಿಟ್ಕೊಂಡು ಆಚೆ ಹೋಗಿ ಉಗೀತಾಳೆ. ಮಾರ್ತಾಳೋ ಏನೋ."

"ಅಮ್ಮ."

"ಏನು ಅಮ್ಮ? ಒಂದು ತಟ್ಟೆ ನೆಟ್ಟಗೆ ಇಡಕ್ಕೆ ಬರಲ್ಲ, ಸುಳ್ಳು ಹೇಳಕ್ಕೆ ಮಾತ್ರ ಬರುತ್ತೆ."

ಟ್ರೀನಾ ರಮೋನಾಳ ಕಡೆ ತಿರುಗಿದಳು. "ಇಲ್ಲ ಮೇಡಂ. ಮೊದ್ಲು ಆ ಕ್ಯಾಪ್ಸೂಲು ಅಲ್ಲಾಡಿಸಿದ್ರೆ ಒಳಗೆ ಕಾಳು ಅಲ್ಲಾಡೋ ಸದ್ದು ಬರ್ತಿತ್ತು. ಈಗ ಬರಲ್ಲ. ಕಂಪನಿ ಬದಲಾಗಿದೆ ಅಂತ ಅಮ್ಮ..."

ಅವಳು ಅಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಒಳಗೆ ಏನು ತುಂಬ್ತಿದ್ದೆ ಅಮ್ಮ? ಹಿಟ್ಟಾ?"

"ನೋಡಿದ್ರಾ, ಹೆತ್ತವಳ ಜೊತೆ ಮಾತಾಡೋ ರೀತಿ," ಎಂದಳು ಓಪಲ್.

ರಮೋನಾ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟಳು. ಅಮಲಿಗೆಂದು ಕಂಡವರ ಕೈಸೇರಿದ ಇದೇ ಮಾತ್ರೆಗಳ ದೆಸೆಯಿಂದ ಪಕ್ಕದ ಜಿಲ್ಲೆಯ ನರ್ಸೊಬ್ಬಳ ಪರವಾನಗಿ ಹೋಗಿತ್ತು. ಕಳ್ಳಿ ಓಪಲ್ ಎಂದರೆ, ಸೀಸೆಯನ್ನು ಅವಳ ಕೈಗೆ ಕೊಡಿಸಿದವರು ಯಾರು, ಪರೀಕ್ಷೆ ಮಾಡಿಸದೆ ಪ್ರಮಾಣ ಹೆಚ್ಚಿಸಿದವರು ಯಾರು ಎಂದು ಕೇಳುತ್ತಾರೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದವಳು ಟ್ರೀನಾ ಒಬ್ಬಳೇ.

"ಇವತ್ತಿಂದ ನಿಲ್ಲಿಸ್ತಿದೀನಿ," ಎಂದಳು. "ಮಾತ್ರೆ ದುರುಪಯೋಗ ಅಂತ ಬರೀಬೇಕಾಗುತ್ತೆ. ನಿಯಮ."

"ಹಾಗೆ ಬರೆದ್ರೆ ಇನ್ನೆಲ್ಲೂ ಕೊಡಲ್ಲ ನಂಗೆ."

ರಮೋನಾ ಬರೆಯತೊಡಗಿದಳು.

"ನಿಮಗೆ ಗೊತ್ತಾಯ್ತು," ಎಂದಳು ಟ್ರೀನಾ. "ಗೊತ್ತಾಗಿದ್ದನ್ನ ನಾನು ನೋಡ್ದೆ."

"ಹೊರಗೆ ಜನ ಕಾಯ್ತಿದಾರೆ, ಟ್ರೀನಾ."

ಟ್ರೀನಾ ಎದ್ದು ಹೋದಳು. ಓಪಲ್ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. "ಡಾಕ್ಟ್ರಮ್ಮ, ಈ ಕಾಯಿಲೆ ವಂಶದಲ್ಲೇ ಬರುತ್ತಂತಲ್ಲ. ನಂಗೂ ಈಚೆಗೆ ಮನಸ್ಸು ಒಂದು ಕಡೆ ನಿಲ್ಲಲ್ಲ. ಒಂದ್ಸಲ ನೋಡ್ತೀರಾ?"

ರಮೋನಾ ತಲೆ ಎತ್ತಲಿಲ್ಲ. "ಹೊರಗಡೆ ಕೌಂಟರಿನಲ್ಲಿ ಕೇಳಿ, ಬರಬೇಕಾದ ದಿನ ಹೇಳ್ತಾರೆ," ಎಂದಳು.

ಕಿಟಕಿಯಾಚೆ, ಕಾರಿನ ಬಾನೆಟ್ಟಿನ ಮೇಲೆ ಟ್ರೀನಾ ಚೀಲವನ್ನೆಲ್ಲ ಸುರಿದು ಬೀಗದ ಕೈ ಹುಡುಕುತ್ತಿದ್ದಳು. ಬಾಚಣಿಗೆ, ಒಂಟಿ ಕೈಗವುಸು, ಮುದುರಿದ ಚೀಟಿಗಳು. ಒಂದೊಂದನ್ನೂ ಎತ್ತಿ ನೋಡಿ, ನೋಡಿದ್ದನ್ನೇ ಮತ್ತೆ ಎತ್ತುತ್ತಿದ್ದಳು. ಆಮೇಲೆ ಬಂದ ಓಪಲ್ ತೋಳಿನ ಬಟ್ಟೆಯಿಂದ ಕಾರಿನ ಗಾಜು ಉಜ್ಜತೊಡಗಿದಳು. ಗಾಜು ಆಗಲೇ ಹೊಳೆಯುತ್ತಿತ್ತು. ಅವಳ ಕೈ ನಿಲ್ಲಲಿಲ್ಲ.