ಮುಲಾಮು ತಂದ ಅಮ್ಮ

ಹುಳಿಯಾರಿನಾಚೆಯ ಹಟ್ಟಿಯಲ್ಲಿ ವನಜಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಹುಟ್ಟುತ್ತಲೇ ಮೈ, ಕೂದಲು, ಕಣ್ಣೆವೆ ಎಲ್ಲ ಬಿಳಿ. ಬಿಳಿ ಜಿರಳೆ ಎಂದರೆ ಅವಳೇ. ಬೋರ್ಡು ಕಾಣಿಸದೆ ಶಾಲೆ ಬಿಟ್ಟವಳ ಕೈಗೆ ಅಪ್ಪ ಕುರಿ ಕೊಟ್ಟಿದ್ದ. ಅಪ್ಪ ಹೋದ ಮೇಲೆ ಅಣ್ಣ ರಂಗರಾಜು ಅದೇ ಕುರಿ ಕೊಟ್ಟ. ವರ್ಷಗಟ್ಟಲೆ ಬಿಸಿಲು ಮುಖವನ್ನು ನೆಕ್ಕಿ ನೆಕ್ಕಿ ಕಣತಲೆಯಲ್ಲೊಂದು, ಮೂಗಿನ ಮೇಲೊಂದು, ಬಲಗಿವಿಯ ಹಿಂದೊಂದು ಮರಳುಕಾಗದದಂಥ ಒರಟು ಕಲೆ ಎಬ್ಬಿಸಿತ್ತು.

ಊರಿಗೆ ಚರ್ಮದ ಕ್ಯಾಂಪ್ ಬಂದಾಗ ಡಾಕ್ಟರು ಅನುಪಮಾ ಅವಳ ಕಿವಿ ಮಡಚಿ ನೋಡಿದರು. "ಇದು ಕೆಟ್ಟದ್ದಮ್ಮ. ಬಿಟ್ಟರೆ ಕ್ಯಾನ್ಸರ್ ಆಗಬಹುದು. ಈ ಮುಲಾಮು ದಿನಾ ಹಚ್ಚು. ಮೊದಲು ಹುಣ್ಣಾಗಿ ಹಕ್ಕಳೆ ಕಟ್ಟುತ್ತೆ, ಹೆದರಿ ಬಿಡಬೇಡ. ಕಲೆ ಇರೋ ಕಡೆ ಮಾತ್ರ ಹಚ್ಚು. ನಿನ್ನ ಮುಖವೆಲ್ಲ ಬಿಸಿಲು ತಿಂದಿದೆ, ಎಲ್ಲಿ ಹಚ್ಚಿದರೂ ಹುಣ್ಣೇಳುತ್ತೆ."

ಅತ್ತಿಗೆ ಜಯಕ್ಕ ಟ್ಯೂಬು ಕಂಡು ಬಿದ್ದು ಬಿದ್ದು ನಕ್ಕಳು. "ನಾವೆಲ್ಲ ಬೆಳ್ಳಗಾಗಕ್ಕೆ ಕ್ರೀಮ್ ಬಳ್ಕಂಡ್ರೆ ಇವ್ಳಿಗೆ ಕರ್ರಗಾಗಕ್ಕೆ ಕೊಟ್ಟವ್ರೆ ಕಣ್ರೇ! ನೋಡ್ಕಳ್ರಿ, ನಮ್ಮ ಹಟ್ಟಿ ಮಹಾರಾಣಿಯಾ."

ಹತ್ತು ಹನ್ನೆರಡು ದಿನಕ್ಕೆ ಕಣತಲೆ, ಮೂಗು ಕೆಂಪೇರಿ ಹಕ್ಕಳೆ ಕಟ್ಟಿತು. ಹಟ್ಟಿಯ ಮಕ್ಕಳಿಗೆ ಮೈಯೆಲ್ಲ ಗುಳ್ಳೆಯಾಗಿ ಅಮ್ಮ ಎದ್ದಿದ್ದ ಸಮಯ ಅದು. ಬೆಳಗ್ಗೆ ಕುರಿ ಬಿಡಲು ಹೊರಟವಳ ಮುಖ ಕಂಡು ಜಯಕ್ಕನ ಕೈಯಿಂದ ಕಸಬರಿಕೆ ಬಿತ್ತು.

"ಅಯ್ಯೋ ತಾಯಿ, ನಿನ್ನ ಮೈಮೇಲೂ ಆಡಕ್ಕೆ ಬಂದ್ಲಾ?"

ಅಲ್ಲ ಎನ್ನಲು ವನಜಾ ಬಾಯಿ ತೆರೆದಳು. ಅಷ್ಟರಲ್ಲಿ ಜಯಕ್ಕ ಕೈ ಮುಗಿದುಬಿಟ್ಟಿದ್ದಳು. ವನಜಾಳಿಗೆ ಯಾರಾದರೂ ಕೈ ಮುಗಿದದ್ದು ಅದೇ ಮೊದಲು. ತೆರೆದ ಬಾಯಿ ಹಾಗೇ ಮುಚ್ಚಿತು.

ಬಾಗಿಲಿಗೆ ಬೇವಿನ ಸೊಪ್ಪು ಬಂತು. ಬೇವಿನೆಲೆಯ ಹಾಸಿಗೆ ಬಂತು. ಮನೆಯಲ್ಲಿ ಒಗ್ಗರಣೆಯ ಚಟಪಟ ನಿಂತಿತು. ರಂಗರಾಜು ತೋಟದಿಂದ ಎಳನೀರು ಇಳಿಸಿ ತಂದು, ತಾನೇ ಕೆತ್ತಿ ಕೊಟ್ಟ. ಹಟ್ಟಿಯ ಹಿರಿಯ ಕ್ಯಾತಣ್ಣ ಹೊಸ್ತಿಲಾಚೆ ನಿಂತು, "ತಣ್ಣಗಿರವ್ವ, ಮಕ್ಕಳ ಮ್ಯಾಲೆ ಕ್ವಾಪ ಬ್ಯಾಡ" ಎಂದು ಅಡ್ಡಬಿದ್ದ. ದಿನಾ ಅವಳಿಗೆ ಕಲ್ಲು ಹೊಡೆಯುತ್ತಿದ್ದ ಹುಡುಗರು ಕಣ್ಣೆತ್ತಲಿಲ್ಲ. ಜಯಕ್ಕ ಅವಳ ಕಾಲಿಗೆ ನೀರು ಹುಯ್ದಳು.

"ಅಮ್ಮ ಇರೋವಾಗ ಔಸ್ದಿ ಮುಟ್ಬಾರ್ದು. ಆ ಮುಲಾಮು ಎಸೆದ್ಯಾ?" ಎಂದು ಕೇಳಿದಳು.

"ಎಸೆದೆ ಅತ್ಗೆ."

ಟ್ಯೂಬು ಬೇವಿನೆಲೆಯ ಅಡಿಯಲ್ಲಿತ್ತು.

ಹಕ್ಕಳೆ ಒಣಗಿದರೆ ಅಮ್ಮ ಇಳಿಯುತ್ತಾಳೆ. ಅಮ್ಮ ಇಳಿದರೆ ಮತ್ತೆ ಕುರಿ, ಮತ್ತೆ ಜಿರಳೆ. ವನಜಾ ಮಲಗಿದಲ್ಲೇ ಇದನ್ನು ಯೋಚಿಸಿದಳು. ಡಾಕ್ಟರ ಮಾತು ನೆನಪಿತ್ತು, ಎಲ್ಲಿ ಹಚ್ಚಿದರೂ ಹುಣ್ಣೇಳುತ್ತೆ. ಕಿವಿಯ ಹಿಂದೆ ಹಚ್ಚಿದ್ದು ಕೂದಲ ಮರೆಗೆ ಯಾರಿಗೂ ಕಾಣುತ್ತಿರಲಿಲ್ಲ. ಕೆನ್ನೆಗೆ ಹಚ್ಚಿದ್ದು ಬಾಗಿಲಿಗೇ ಕಾಣುತ್ತಿತ್ತು. ಅವಳು ಕಿವಿ ಬಿಟ್ಟು ಕೆನ್ನೆಗೆ ಹಚ್ಚಿದಳು. ಆಮೇಲೆ ಗಲ್ಲಕ್ಕೆ. ಉರಿಗೆ ಕಣ್ಣಲ್ಲಿ ನೀರು ಬಂದರೂ ಹಲ್ಲು ಕಚ್ಚಿದಳು.

"ಇಷ್ಟು ದಿನ ಯಾರ್ ಮೈಮ್ಯಾಲೂ ನಿಂತಿಲ್ಲ ಕಣ್ಲಾ ಅಮ್ಮ" ಎಂದು ಕ್ಯಾತಣ್ಣ ಹೊರಗೆ ಯಾರಿಗೋ ಹೇಳುತ್ತಿದ್ದ. ವನಜಾ ಗೋಡೆಯ ಕಡೆ ತಿರುಗಿ ನಕ್ಕಳು. ನಕ್ಕಾಗ ಹಕ್ಕಳೆ ಬಿರಿಯಿತು.

ಟ್ಯೂಬು ಮುಗಿಯಿತು. ಮುಖ ಮಾಗಿತು. ತಲೆಗೆ ಮೂರು ನೀರು ಹುಯ್ದು ಅಮ್ಮನನ್ನು ಕಳುಹಿಸಿದ ಮಾರನೆಯ ಬೆಳಗ್ಗೆಯೇ ಜಯಕ್ಕ ಕೂಗಿದಳು, "ಏ ಜಿರಳೆ, ಎಷ್ಟೊತ್ತು ಬಿದ್ಕಂಡಿರ್ತೀಯೆ? ಕುರಿ ಬುಡು!"

ಕ್ಯಾಂಪ್ ನಡೆಸಿದ್ದ ಆಸ್ಪತ್ರೆಯ ನರ್ಸ್ ಇಂಪನಾಳ ಫೋನು ಬಂದಾಗ ವನಜಾ ತೆಂಗಿನ ಸಾಲಿನಾಚೆ ಬಯಲಿನಲ್ಲಿದ್ದಳು.

"ಮುಲಾಮು ಸಮಾಧಾನ ಆಯ್ತಾ ಅಕ್ಕ? ತುಂಬಾನಾ, ಪರವಾಗಿಲ್ವಾ, ಫಾರಂನಲ್ಲಿ ಏನಂತ ಹಾಕ್ಲಿ?"

"ತುಂಬಾ ಅಂತ ಹಾಕವ್ವ. ಹುಟ್ಟಿದಾಗ್ನಿಂದ ಯಾವ್ದೂ ಅಷ್ಟು ಸಮಾಧಾನ ಕೊಟ್ಟಿರ್ಲಿಲ್ಲ. ಇನ್ನೊಂದು ಕೊಡ್ತೀರಾ?"

"ಯಾಕೆ? ಕಿವಿದು ಹೋಗಿಲ್ವಾ?"

ವನಜಾ ಕಿವಿಯ ಹಿಂದೆ ಮುಟ್ಟಿಕೊಂಡಳು. ಹೆಸರುಕಾಳಷ್ಟಿದ್ದದ್ದು ಈಗ ಅವರೆಕಾಳಷ್ಟಾಗಿತ್ತು. ಬೆರಳಿಗೆ ರಕ್ತ ಹತ್ತಿತು. "ಇಲ್ಲ" ಎಂದಳು.

ಆ ಕಡೆ ಇಂಪನಾ ಯಾರೊಡನೆಯೋ ಮಾತಾಡಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಳು. "ಪೂರ್ತಿ ಟ್ಯೂಬ್ ಹಚ್ಚಿದ್ರೂ ಹೋಗಿಲ್ಲ ಅಂದ್ರೆ ಇನ್ನು ಮುಲಾಮು ನಾಟಲ್ವಂತೆ ಅಕ್ಕ. ಕೊಯ್ದು ತೆಗೀಬೇಕಂತೆ. ಬೇಗ ಬರಬೇಕು. ಮನೆಯವರನ್ನ ಕರ್ಕೊಂಡು ಬನ್ನಿ."

ಸಂಜೆ ಜಯಕ್ಕನ ಮುಂದೆ ನಿಂತು ಹೇಳಿದಳು. ಜಯಕ್ಕ ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ. "ಅಮ್ಮ ಕೂತೆದ್ದ ಮುಖಕ್ಕೆ ಕತ್ತಿ ಇಡ್ಸ್ತಾರೇನೇ? ಹಟ್ಟಿಗೆ ಹಟ್ಟಿನೇ ಉರ್ದೋಗ್ತದೆ."

"ಅತ್ಗೆ, ಅದು ಅಮ್ಮ ಅಲ್ಲ. ಮುಲಾಮು. ನಾನೇ ಹಚ್ಕಂತಿದ್ದೆ."

ಮೊರ ನಿಂತಿತು. ಜಯಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಎದ್ದು ಬಂದು, ಅದೇ ಕಿವಿ ಹಿಡಿದು ತಿರುಚಿದಳು.

"ಕ್ಯಾತಣ್ಣ ಅಡ್ಡಬಿದ್ದವ್ನೆ. ನಿನ್ನ ಕಾಲಿಗೆ ನನ್ನ ಕೈಲಿ ನೀರು ಹುಯ್ಸ್ಕಂಡೆ. ಅದು ಅಮ್ಮನೇ. ತಿಳೀತಾ? ಯಾರ್ ಕೇಳಿದ್ರೂ ಅಮ್ಮನೇ. ನಿಮ್ಮಣ್ಣಂಗೆ ಉಸುರಿದ್ಯೋ, ನಾಲಿಗೆ ಸೀಳ್ತೀನಿ."

ಕೈ ಬಿಟ್ಟು, ಬೆರಳಿಗಂಟಿದ ರಕ್ತವನ್ನು ವನಜಾಳ ಸೆರಗಿಗೇ ಒರೆಸಿ, ಮತ್ತೆ ಮೊರ ಎತ್ತಿಕೊಂಡಳು.

ಮಾರನೆಯ ದಿನ ಹೊತ್ತು ನೆತ್ತಿಗೇರುವ ಮೊದಲೇ ಬಿಸಿಲು ಕಾದಿತ್ತು. ವನಜಾ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕುರಿಗಳ ಹಿಂದೆ ನಡೆದಳು. ಬೇವಿನ ಮರದಡಿ ಬಂದಾಗ ಹುಡುಗರು ಕಾದು ನಿಂತಿದ್ದರು, ಕೈಯಲ್ಲಿ ಕಲ್ಲು ಹಿಡಿದು.